ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯಾ ಗೆದ್ದಿದ್ದರೆ?

ಪ್ರಶ್ನೆ: 1866ರ ಯುದ್ಧದಲ್ಲಿ ಪ್ರಷ್ಯಾ ಸೋತು ಆಸ್ಟ್ರಿಯಾ ಗೆದ್ದಿದ್ದರೆ ಜರ್ಮನಿ ವಿಯೆನ್ನಾದ ಮುಂದಾಳತ್ವದಲ್ಲಿ ಒಂದಾಗುತ್ತಿತ್ತೆ? ಆಸ್ಟ್ರಿಯಾದಿಂದ ಆಗದಿದ್ದರೆ ಬವೇರಿಯಾಕ್ಕೋ ಸ್ಯಾಕ್ಸನಿಗೋ ಆ ಅವಕಾಶ ಇತ್ತೆ? ಹಾಗಾಗಿದ್ದರೆ ಎರಡು ಮಹಾಯುದ್ಧಗಳು ತಪ್ಪುತ್ತಿದ್ದವೆ?

ಉತ್ತರ: ಯುದ್ಧ ಗೆಲ್ಲುವುದು ಆಸ್ಟ್ರಿಯಾದಿಂದ ಆಗುತ್ತಿತ್ತು. ಜರ್ಮನಿಯನ್ನು ಒಂದು ಮಾಡುವುದು ಆಗುತ್ತಿರಲಿಲ್ಲ. ಇವೆರಡೂ ಒಂದೇ ಎಂದುಕೊಳ್ಳುವುದರಿಂದ 'ಹೀಗಾಗಿದ್ದರೆ' ಎಂಬ ಚರ್ಚೆಗಳೆಲ್ಲ ಕೋನಿಗ್‌ಗ್ರೇಟ್ಸ್ ಕದನ ನಡೆದ 1866ರ ಜುಲೈ 3ಕ್ಕೆ ಬಂದು ಸಿಕ್ಕಿಕೊಳ್ಳುತ್ತವೆ. ನನ್ನನ್ನು ಕೇಳಿದರೆ ತಿದ್ದಿ ನೋಡಬೇಕಾದ ವರ್ಷ 1866 ಅಲ್ಲ, 1815. ಅದು ಹೇಗೆಂದು ಆಮೇಲೆ ಹೇಳುತ್ತೇನೆ. ಆಗ ಜರ್ಮನಿ ಇನ್ನೂ ಒಂದು ದೇಶವಲ್ಲ, ಹಲವು ರಾಜ್ಯಗಳ ಸಡಿಲ ಒಕ್ಕೂಟ. ಅದರ ಹಿರಿತನಕ್ಕಾಗಿ ಪ್ರಷ್ಯಾ, ಆಸ್ಟ್ರಿಯಾ ಹೊಡೆದಾಡಿದವು, ಪ್ರಷ್ಯಾ ಗೆದ್ದಿತು. ಮೊದಲು ನೀವು ಕೇಳಿದ ಆ ಯುದ್ಧವನ್ನೇ ನೋಡೋಣ.

ಕೋನಿಗ್‌ಗ್ರೇಟ್ಸ್ ಇರುವುದು ಬೊಹೇಮಿಯಾದಲ್ಲಿ, ಅಂದರೆ ಇಂದಿನ ಚೆಕ್ ದೇಶದಲ್ಲಿ. ಎರಡೂ ಕಡೆ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ಸೈನಿಕರು. ಪ್ರಷ್ಯಾದ ಸೇನಾ ಮುಖ್ಯಸ್ಥ ಮೋಲ್ಟ್ಕೆ ತನ್ನ ಸೈನ್ಯವನ್ನು ಮೂರು ತುಂಡು ಮಾಡಿ ಬೇರೆ ಬೇರೆ ದಾರಿಯಲ್ಲಿ ಬೊಹೇಮಿಯಾಕ್ಕೆ ನುಗ್ಗಿಸಿದ್ದ. ಯುದ್ಧದ ಹಿಂದಿನ ರಾತ್ರಿ ಒಂದು ತುಂಡು, ಯುವರಾಜನ ಸೈನ್ಯ, ಇಪ್ಪತ್ತು ಕಿಲೋಮೀಟರಿಗೂ ಆಚೆ ಬೀಡುಬಿಟ್ಟಿತ್ತು. ಬೆಳಿಗ್ಗೆಯೇ ಹೊರಟು ಬಾ ಎಂದು ಅವನಿಗೆ ಹೇಳಬೇಕು. ತಂತಿ ಸಂಪರ್ಕ ಇಲ್ಲ. ನಡುರಾತ್ರಿ ಕುದುರೆ ಸವಾರನೊಬ್ಬ ಆದೇಶದ ಕಾಗದ ಹಿಡಿದು ಹೊರಟ, ನಸುಕಿನಲ್ಲಿ ಮುಟ್ಟಿಸಿದ. ಆ ಕುದುರೆ ಮುಗ್ಗರಿಸಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಮಳೆ ಸುರಿಯುತ್ತಿದ್ದ ಆ ಬೆಳಿಗ್ಗೆ ಉಳಿದೆರಡು ಪ್ರಷ್ಯನ್ ಸೈನ್ಯಗಳು ದಿಬ್ಬದ ಮೇಲಿದ್ದ ಆಸ್ಟ್ರಿಯಾದ ಫಿರಂಗಿಗಳಿಗೆ ಎದೆಯೊಡ್ಡಿ ಅಲ್ಲೇ ಅಂಟಿಕೊಂಡಿದ್ದವು. ಆಸ್ಟ್ರಿಯಾದ ಫಿರಂಗಿ ಪಡೆ ಪ್ರಷ್ಯಾದ್ದಕ್ಕಿಂತ ಚೆನ್ನಾಗಿತ್ತು ಎಂಬುದು ಶಾಲೆಯ ಪಾಠದಲ್ಲಿ ಬರುವುದಿಲ್ಲ. ಅಲ್ಲಿ ಬರುವುದು ಪ್ರಷ್ಯಾದ ಸೂಜಿ ಬಂದೂಕು ಮಾತ್ರ. ಅದೂ ಸುಳ್ಳಲ್ಲ. ಮಲಗಿಕೊಂಡೇ ಹಿಂದಿನಿಂದ ಗುಂಡು ತುಂಬಿ ಹಾರಿಸಬಹುದಾದ ಬಂದೂಕಿನ ಮುಂದೆ, ಎದ್ದು ನಿಂತು ನಳಿಕೆಯ ಬಾಯಿಂದ ಮದ್ದು ಇಡಿಯಬೇಕಾದವನ ಗತಿ ಏನಾಗಬೇಕೋ ಅದೇ ಆಯಿತು. ಆದರೆ ಆ ದಿನವನ್ನು ನಿಜವಾಗಿ ಕೆಡಿಸಿದ್ದು ಒಂದು ಕಾಡು. ಬಲಬದಿಯನ್ನು ಕಾಯಬೇಕಿದ್ದ ಆಸ್ಟ್ರಿಯಾದ ಎರಡು ಕೋರ್‌ಗಳು, ಅಂದರೆ ಎರಡು ದೊಡ್ಡ ಸೇನಾದಳಗಳು, ಸ್ವಿಬ್ ಕಾಡಿನೊಳಗಿದ್ದ ಒಂದೇ ಒಂದು ಪ್ರಷ್ಯನ್ ಡಿವಿಷನ್ನನ್ನು ಹೊಡೆಯುವ ಹಟಕ್ಕೆ ಬಿದ್ದು ಜಾಗ ಬಿಟ್ಟವು. ಮಧ್ಯಾಹ್ನ ಯುವರಾಜನ ಸೈನ್ಯ ಬಂದಾಗ ಬಾಗಿಲು ತೆರೆದೇ ಇತ್ತು. ಖ್ಲುಮ್ ಎಂಬ ಹಳ್ಳಿ ಕೈಬಿಟ್ಟಿತು, ಅಲ್ಲಿಗೆ ಯುದ್ಧವೂ ಮುಗಿಯಿತು. ಆಸ್ಟ್ರಿಯಾ ಕಳೆದುಕೊಂಡದ್ದು ಸತ್ತವರು, ಗಾಯಾಳುಗಳು, ಸೆರೆಸಿಕ್ಕವರು ಎಲ್ಲ ಸೇರಿ ಸುಮಾರು 44 ಸಾವಿರ ಜನರನ್ನು. ಪ್ರಷ್ಯಾ ಸುಮಾರು 9 ಸಾವಿರ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಅದೇ ಹೊತ್ತಿಗೆ ಆಸ್ಟ್ರಿಯಾದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಇಟಲಿಯಲ್ಲಿ ವೆನಿಸ್ ಪ್ರಾಂತ್ಯವನ್ನು ಕಾಯುತ್ತಿದ್ದರು, ಜೂನ್ 24ರಂದು ಕುಸ್ಟೋಜಾದಲ್ಲಿ ಗೆದ್ದೂ ಬಿಟ್ಟಿದ್ದರು. ಯಾವ ವೆನಿಸ್? ಜೂನ್ 12ರ ರಹಸ್ಯ ಒಪ್ಪಂದದಲ್ಲಿ, ಗೆಲ್ಲಲಿ ಸೋಲಲಿ ಬಿಟ್ಟುಕೊಡುತ್ತೇವೆಂದು ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನಿಗೆ ಬರೆದುಕೊಟ್ಟಿದ್ದ ವೆನಿಸ್! ಮಾರಿದ ಮನೆಗೆ ಸುಣ್ಣ ಬಳಿಯುವ ಕೆಲಸ ಇದು. ಆ ಕೋರ್‌ಗಳು ಬೊಹೇಮಿಯಾದಲ್ಲಿ ಇದ್ದಿದ್ದರೆ ಎಂದು ಕೇಳುವುದರಲ್ಲಿ ಅರ್ಥವಿದೆ.

ಹಾಗಾಗಿ ಆಸ್ಟ್ರಿಯಾ ಗೆದ್ದಿತು ಎಂದೇ ಇಟ್ಟುಕೊಳ್ಳೋಣ. ಬೇಕಿದ್ದರೆ ಮೇ 7ರಂದು ಬರ್ಲಿನ್ನಿನ ಉಂಟರ್ ಡೆನ್ ಲಿಂಡೆನ್ ಬೀದಿಯಲ್ಲಿ ಫರ್ಡಿನಾಂಡ್ ಕೊಹೆನ್-ಬ್ಲಿಂಡ್ ಎಂಬ ಯುವಕ ಹಾರಿಸಿದ ಐದು ಗುಂಡುಗಳಲ್ಲಿ ಒಂದು ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್‌ನಿಗೆ ಸರಿಯಾಗಿ ತಗುಲಿತು ಎಂತಲೂ ಇಟ್ಟುಕೊಳ್ಳಿ. ಮಾರನೆಯ ದಿನ ಏನಾಗುತ್ತದೆ?

ವಿಯೆನ್ನಾಕ್ಕೆ ಬೇಕಿದ್ದದ್ದು ಸಿಲೇಸಿಯಾ. 1740ರಲ್ಲಿ ಪ್ರಷ್ಯಾದ ಎರಡನೇ ಫ್ರೆಡರಿಕ್ ಆಸ್ಟ್ರಿಯಾದ ಮರಿಯಾ ತೆರೇಸಾಳಿಂದ ಕಿತ್ತುಕೊಂಡ ಆ ಪ್ರಾಂತ್ಯದ ಗಾಯ ಆಸ್ಟ್ರಿಯಾವನ್ನಾಳುವ ಹ್ಯಾಬ್ಸ್‌ಬರ್ಗ್ ಮನೆತನದಲ್ಲಿ ಮಾಗಿರಲೇ ಇಲ್ಲ. ಜೊತೆಗಾರರ ಬೇಡಿಕೆಯೂ ನೆಲವೇ. 1815ರಲ್ಲಿ ಪ್ರಷ್ಯಾದ ಪಾಲಾದ ತನ್ನ ಭಾಗ ಸ್ಯಾಕ್ಸನಿಗೆ ವಾಪಸ್ ಬೇಕು. ಬವೇರಿಯಾ, ವುರ್ಟೆಂಬರ್ಗ್, ಹನೋವರ್, ಸ್ಯಾಕ್ಸನಿ, ಎರಡು ಹೆಸ್ಸೆಗಳು, ಎಲ್ಲರೂ ಆಸ್ಟ್ರಿಯಾದ ಕಡೆ ನಿಂತಿದ್ದರು ನಿಜ. ಯಾಕೆ ನಿಂತಿದ್ದರು ಎಂಬುದನ್ನು ಮರೆಯಬಾರದು. ಬರ್ಲಿನ್ನಿನ ಹೊಟ್ಟೆಗೆ ಹೋಗಬಾರದು, ತಂತಮ್ಮ ಕಿರೀಟ ತಂತಮ್ಮ ತಲೆಯ ಮೇಲಿರಬೇಕು, ಅಷ್ಟೆ. ಅದನ್ನು ಗೆದ್ದ ಮೇಲೆ ವಿಯೆನ್ನಾದ ಹೊಟ್ಟೆಗೆ ತಾವಾಗಿ ಹೋಗುತ್ತಾರೆಯೇ? 1815ರಲ್ಲಿ ಕಟ್ಟಿದ 39 ರಾಜ್ಯಗಳ ಸಡಿಲ ಒಕ್ಕೂಟ, ಫ್ರಾಂಕ್‌ಫರ್ಟಿನಲ್ಲಿ ಅದರ ಸಭೆ, ಅಧ್ಯಕ್ಷ ಪೀಠದಲ್ಲಿ ಆಸ್ಟ್ರಿಯಾ: ಇದು ಅವರಿಗೆ ಹಾಯಾಗಿತ್ತು. ಆಸ್ಟ್ರಿಯಾ ಗೆದ್ದಿದ್ದರೆ ಉಳಿಯುತ್ತಿದ್ದದ್ದು ಇದೇ ಒಕ್ಕೂಟ, ಮೂಲೆಗೆ ತಳ್ಳಿಸಿಕೊಂಡು ಹಲ್ಲು ಕಡಿಯುತ್ತ ಕೂತ ಒಂದು ಪ್ರಷ್ಯಾದ ಸಮೇತ. ಅದೇ ಜೂನ್ 12ರ ಒಪ್ಪಂದದ ಪ್ರಕಾರ, ಯುರೋಪಿನ ಸಮತೋಲ ತಪ್ಪುವಂಥ ಬದಲಾವಣೆಯನ್ನು ಜರ್ಮನಿಯಲ್ಲಿ ಮಾಡುವ ಮುಂಚೆ ಆಸ್ಟ್ರಿಯಾ ಪ್ಯಾರಿಸ್ಸಿನ ಒಪ್ಪಿಗೆಯನ್ನೂ ಪಡೆಯಬೇಕಿತ್ತು. ಗೆದ್ದವನ ಕೈಗೇ ಹಗ್ಗ.

ಆದರೆ ನಿಜವಾದ ತೊಡಕು ಹೊರಗಿನದಲ್ಲ, ಆಸ್ಟ್ರಿಯಾದ ಮನೆಯೊಳಗಿನದು. ಸಾಮ್ರಾಜ್ಯದ ಪ್ರಜೆಗಳಲ್ಲಿ ಜರ್ಮನ್ ಮಾತಾಡುವವರು ಸುಮಾರು ಕಾಲುಭಾಗ. ಉಳಿದವರು ಹಂಗೇರಿಯನ್ನರು, ಚೆಕ್ಕರು, ಪೋಲರು, ಕ್ರೋಯೇಷಿಯನ್ನರು, ರುಮೇನಿಯನ್ನರು, ಇಟಾಲಿಯನ್ನರು. ಇಂಥ ಮನೆಯ ಯಜಮಾನ 'ನಾನು ಜರ್ಮನ್ನರ ನಾಯಕ' ಎಂದು ಬಾಯಿಬಿಟ್ಟು ಹೇಳಿದ ದಿನವೇ ಮುಕ್ಕಾಲು ಮನೆ ಅನ್ಯರದಾಗುತ್ತದೆ.

ಇದು ನನ್ನ ಊಹೆಯಲ್ಲ. 1848ರಲ್ಲಿ ಪರೀಕ್ಷೆ ನಡೆದು ಫಲಿತಾಂಶವೂ ಬಂದಿತ್ತು. ಕ್ರಾಂತಿಯ ಆ ವರ್ಷ ಫ್ರಾಂಕ್‌ಫರ್ಟಿನ ಸಂತ ಪೌಲನ ಚರ್ಚಿನಲ್ಲಿ ಜರ್ಮನ್ನರ ಚುನಾಯಿತ ಸಂಸತ್ತು ಸೇರಿತು. ಅದು ಮೊದಲು ಕೈತೋರಿಸಿದ್ದು ಆಸ್ಟ್ರಿಯಾದ ಕಡೆಗೇ: ತಾತ್ಕಾಲಿಕ ಮುಖ್ಯಸ್ಥನಾಗಿ ಆರಿಸಿದ್ದು ಹ್ಯಾಬ್ಸ್‌ಬರ್ಗ್ ಮನೆತನದ ಆರ್ಚ್‌ಡ್ಯೂಕ್ ಜಾನ್‌ನನ್ನು. ಸಂಸತ್ತಿನ ಸಿದ್ಧತೆಗೆ ಬಾ ಎಂದು ಚೆಕ್ ಇತಿಹಾಸಕಾರ ಪಲಾಟ್ಸ್ಕಿಯನ್ನೂ ಕರೆದಿದ್ದರು. ಬೊಹೇಮಿಯಾ ಜರ್ಮನ್ ಒಕ್ಕೂಟದಲ್ಲಿತ್ತಲ್ಲ, ಬರದೆ ಏನು ಎಂಬ ಲೆಕ್ಕ. ಆತ ಏಪ್ರಿಲ್ 11ರಂದು ಪತ್ರ ಬರೆದ: ನಾನು ಸ್ಲಾವ್ ಮೂಲದ ಬೊಹೇಮಿಯದವನು, ನಿಮ್ಮ ಸಭೆಯಲ್ಲಿ ನನಗೇನು ಕೆಲಸ ಎಂಬ ಅರ್ಥದ್ದು. ತಮಾಷೆ ಎಂದರೆ ಅದೇ ಪತ್ರದಲ್ಲಿ ಆಸ್ಟ್ರಿಯಾ ಉಳಿಯಲೇಬೇಕು ಎಂತಲೂ ವಾದಿಸಿದ. ಆಸ್ಟ್ರಿಯಾ ಬೇಕು, ಜರ್ಮನಿ ಬೇಡ!

ಅಕ್ಟೋಬರ್ ಹೊತ್ತಿಗೆ ಸಂಸತ್ತು ಆಸ್ಟ್ರಿಯಾದ ಮುಂದೆ ನೇರ ಪ್ರಶ್ನೆ ಇಟ್ಟಿತು. ಜರ್ಮನ್ ರಾಷ್ಟ್ರದ ಯಾವ ಭಾಗವೂ ಜರ್ಮನೇತರ ನಾಡಿನ ಜೊತೆ ಒಂದೇ ರಾಜ್ಯವಾಗಿ ಇರಕೂಡದು. ದೊರೆ ಒಬ್ಬನೇ ಆಗಿದ್ದರೆ ಅಡ್ಡಿಯಿಲ್ಲ, ಆಡಳಿತ ಬೇರೆಯಾಗಬೇಕು. ಅಂದರೆ ಹಂಗೇರಿಯನ್ನು ಕಡಿದು ಒಳಗೆ ಬಾ. ಆಸ್ಟ್ರಿಯಾದ ಹೊಸ ಪ್ರಧಾನಿ ಷ್ವಾರ್ಜೆನ್‌ಬರ್ಗ್ ನವೆಂಬರ್ 27ರಂದು ಕ್ರೆಮ್‌ಸಿಯರ್‌ನಲ್ಲಿ ಉತ್ತರ ಕೊಟ್ಟ: ಸಾಮ್ರಾಜ್ಯ ತುಂಡಾಗುವುದಿಲ್ಲ. ಅಲ್ಲಿಗೆ ಸಂಸತ್ತಿಗೆ ಉಳಿದದ್ದು ಪ್ರಷ್ಯಾ ಒಂದೇ. 1849ರ ಮಾರ್ಚ್ 28ರಂದು 290 ಜನ ಪ್ರಷ್ಯಾದ ದೊರೆ ನಾಲ್ಕನೇ ಫ್ರೆಡರಿಕ್ ವಿಲ್ಹೆಲ್ಮ್‌ನನ್ನು ಚಕ್ರವರ್ತಿಯಾಗಿ ಆರಿಸಿದರು, 248 ಜನ ಮತ ಹಾಕದೆ ಕೂತರು. ಪುಣ್ಯಾತ್ಮ ಬೇಡ ಎಂದ. ಪ್ರಜೆಗಳು ನೀಡಿದ ಕಿರೀಟ ಅವನ ಮೂಗಿಗೆ ಚರಂಡಿಯ ವಾಸನೆ ಹೊಡೆಯುತ್ತಿತ್ತು.

ಷ್ವಾರ್ಜೆನ್‌ಬರ್ಗ್ ಬರೀ 'ಇಲ್ಲ' ಎಂದವನಲ್ಲ. ನನ್ನ ಲೆಕ್ಕದಲ್ಲಿ ಆಸ್ಟ್ರಿಯಾದ ಕಡೆಯಿಂದ ಗಟ್ಟಿಯಾದ ಯೋಜನೆ ಇಟ್ಟ ಒಬ್ಬನೇ ಮನುಷ್ಯ ಅವನು. ಹಂಗೇರಿಯೂ ಸೇರಿ ಇಡೀ ಸಾಮ್ರಾಜ್ಯವನ್ನೇ ಜರ್ಮನ್ ಒಕ್ಕೂಟದೊಳಗೆ ತಂದು ಏಳು ಕೋಟಿ ಜನರ ಮಧ್ಯ ಯುರೋಪನ್ನು ಕಟ್ಟುವುದು ಅವನ ಆಸೆ. ಅದರ ಹಣಕಾಸಿನ ತಲೆ ವಾಣಿಜ್ಯ ಮಂತ್ರಿ ಬ್ರುಕ್. ರೈನ್ ಸೀಮೆಯ ಎಲ್ಬರ್‌ಫೆಲ್ಡ್‌ನಲ್ಲಿ ಹುಟ್ಟಿ, ಟ್ರಿಯೆಸ್ಟ್ ಬಂದರಿನಲ್ಲಿ ಹಡಗು ವ್ಯಾಪಾರದಲ್ಲಿ ಬೆಳೆದವನು. 1850ರ ನವೆಂಬರ್‌ನಲ್ಲಿ ಓಲ್ಮ್ಯೂಟ್ಸ್‌ನಲ್ಲಿ ಪ್ರಷ್ಯಾ ತಲೆಬಾಗಿ ತನ್ನ ಸ್ವಂತ ಒಕ್ಕೂಟದ ಯೋಜನೆಯನ್ನು ಕೈಬಿಟ್ಟಿತು. ಯುದ್ಧವಿಲ್ಲದೆ ಸಿಕ್ಕ ಗೆಲುವು! ಮುಂದಿನ ತಿಂಗಳುಗಳಲ್ಲಿ ಡ್ರೆಸ್ಡೆನ್ನಿನಲ್ಲಿ ಸಭೆ ಮಾಡಿದರೆ ಏಳು ಕೋಟಿಯ ಯೋಜನೆಗೆ ಕೈ ಎತ್ತುವವರಿಲ್ಲ. ಚಿಕ್ಕ ರಾಜ್ಯಗಳಿಗೆ ಭಯ, ಇಂಗ್ಲೆಂಡ್ ಫ್ರಾನ್ಸ್‌ಗಳಿಗೆ ಸಿಟ್ಟು. ಕೊನೆಗೆ ಹಳೆಯ ಒಕ್ಕೂಟವೇ ವಾಪಸ್ ಬಂತು. 1866ರಲ್ಲಿ ಆಸ್ಟ್ರಿಯಾ ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಮಾದರಿ ಹುಡುಕಬೇಕಿಲ್ಲ. 1850ರಲ್ಲಿ ಆಸ್ಟ್ರಿಯಾ ಗೆದ್ದಿತ್ತು.

ಇನ್ನು ಸುಂಕದ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಜರ್ಮನಿ ಒಂದಾದದ್ದು ಹೆಚ್ಚುಪಾಲು ಸುಂಕದ ಕಟ್ಟೆಗಳಲ್ಲಿ. 1834ರ ಜನವರಿ 1ರ ನಡುರಾತ್ರಿ ಗಡಿಗಡಿಯಲ್ಲಿ ಸರಕಿನ ಬಂಡಿಗಳು ಸಾಲುಗಟ್ಟಿ ಕಾದಿದ್ದವು. ಗಂಟೆ ಹನ್ನೆರಡಾಯಿತು, ಅಡ್ಡಗಂಬ ಮೇಲೆದ್ದಿತು, ಬಂಡಿಗಳು ಕಾಸು ಕೊಡದೆ ದಾಟಿದವು. ಪ್ರಷ್ಯಾ, ಬವೇರಿಯಾ, ವುರ್ಟೆಂಬರ್ಗ್, ಸ್ಯಾಕ್ಸನಿ, ಹೆಸ್ಸೆ ಎಲ್ಲ ಸೇರಿ ಎರಡು ಕೋಟಿ ಮೀರಿದ ಜನರ ಒಂದೇ ಮಾರುಕಟ್ಟೆ. ಆಸ್ಟ್ರಿಯಾ ಹೊರಗೆ. ಅದನ್ನು ಯಾರೂ ತಡೆದದ್ದಲ್ಲ. ಬೊಹೇಮಿಯಾದ ಬಟ್ಟೆ ಗಿರಣಿಗಳಿಗೂ ಕಬ್ಬಿಣದ ಕುಲುಮೆಗಳಿಗೂ ಎತ್ತರದ ಸುಂಕದ ಗೋಡೆ ಬೇಕಿತ್ತು, ತಂಬಾಕು ವಿಯೆನ್ನಾ ಸರ್ಕಾರದ ಏಕಸ್ವಾಮ್ಯ. ಒಳಗೆ ಬಂದರೆ ಎರಡೂ ಹೋಗುತ್ತವೆ. 1848ರ ನಂತರ ಖಜಾನೆಯ ಸ್ಥಿತಿ ಎಷ್ಟು ಹದಗೆಟ್ಟಿತೆಂದರೆ, 1855ರ ಸುಮಾರಿಗೆ ಸರ್ಕಾರ ತಾನೇ ಹಾಕಿದ ರೈಲುಮಾರ್ಗಗಳನ್ನು ಫ್ರೆಂಚ್ ಬಂಡವಾಳದ ಕಂಪನಿಗೆ ಮಾರಿತು. ಹನ್ನೊಂದು ವರ್ಷ ಬಿಟ್ಟು ಬೊಹೇಮಿಯಾದ ಗಡಿಗೆ ಸೈನ್ಯ ಸಾಗಿಸಲು ಪ್ರಷ್ಯಾಕ್ಕೆ ಐದು ರೈಲುಮಾರ್ಗ, ಆಸ್ಟ್ರಿಯಾಕ್ಕೆ ಒಂದು. ಬಿಸ್ಮಾರ್ಕ್ ಬರುವ ಮುಂಚೆಯೇ ಅರ್ಧ ಆಟ ಮುಗಿದಿತ್ತು ಎನ್ನುವುದು ಇದಕ್ಕೆ.

1866ರಲ್ಲಿ ಆಸ್ಟ್ರಿಯಾದ ಪರ ಹೋರಾಡಿದ ಬವೇರಿಯಾ, ಸ್ಯಾಕ್ಸನಿ, ಹನೋವರ್ ಎಲ್ಲವೂ ಪ್ರಷ್ಯಾದ ಸುಂಕ ಒಕ್ಕೂಟದ ಸದಸ್ಯರು. ಯುದ್ಧ ನಡೆಯುತ್ತಿದ್ದಾಗಲೂ ಆ ಒಕ್ಕೂಟ ಮುರಿದು ಬೀಳಲಿಲ್ಲ. ಕತ್ತಿ ವಿಯೆನ್ನಾದ ಕಡೆ, ಜೇಬು ಬರ್ಲಿನ್ನಿನ ಕಡೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎನ್ನುತ್ತೇವಲ್ಲ, ಕೋನಿಗ್‌ಗ್ರೇಟ್ಸ್‌ನಲ್ಲಿ ಆಸ್ಟ್ರಿಯಾ ಗೆದ್ದಿದ್ದರೆ ದೊಣ್ಣೆಯ ಕೆಲಸ ಆಗುತ್ತಿತ್ತು. ಮಡಕೆ ಮಾಡುವ ತಿಗುರಿ ಮಾತ್ರ ವಿಯೆನ್ನಾದಲ್ಲಿ ಇರಲೇ ಇಲ್ಲ.

1863ರ ಆಗಸ್ಟಿನಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಫ್ರಾಂಕ್‌ಫರ್ಟಿಗೆ ಜರ್ಮನ್ ದೊರೆಗಳನ್ನೆಲ್ಲ ಕರೆಸಿ ಒಕ್ಕೂಟ ಸುಧಾರಿಸುವ ಕೊನೆಯ ಯತ್ನ ಮಾಡಿದ. ಪ್ರಷ್ಯಾದ ದೊರೆ ವಿಲ್ಹೆಲ್ಮ್ ಆಗ ಬಾಡೆನ್-ಬಾಡೆನ್‌ನಲ್ಲಿದ್ದ. ಅವನನ್ನು ಕರೆಯಲು ಸ್ಯಾಕ್ಸನಿಯ ದೊರೆಯೇ ಹೋದ. ಇಷ್ಟೊಂದು ದೊರೆಗಳು ಸೇರಿ ಕರೆಯುತ್ತಿದ್ದಾರೆ, ಓಲೆಕಾರನಾಗಿ ಒಬ್ಬ ದೊರೆಯೇ ಬಂದಿದ್ದಾನೆ, ಹೇಗೆ ಒಲ್ಲೆ ಎನ್ನಲಿ ಎಂದು ಮುದುಕ ಒದ್ದಾಡಿದ. ಬಿಸ್ಮಾರ್ಕ್ ಪಟ್ಟು ಹಿಡಿದು ತಡೆದ. ಪ್ರಷ್ಯಾ ಬರಲಿಲ್ಲ, ಸಭೆ ಬಿದ್ದುಹೋಯಿತು. ಬಿಸ್ಮಾರ್ಕ್ ಎಂಬ ಒಬ್ಬ ಮನುಷ್ಯನಿಂದ ಇತಿಹಾಸ ತಿರುಗಿದ ಗಳಿಗೆ ತೋರಿಸಿ ಎಂದರೆ ನಾನು ಯುದ್ಧಭೂಮಿಗಿಂತ ಆ ಕೋಣೆಯನ್ನು ತೋರಿಸುತ್ತೇನೆ. ಆದರೂ ಅಲ್ಲಿ ಚರ್ಚೆಗೆ ಬಂದದ್ದು ಕೆಲವು ದೊರೆಗಳ ನಿರ್ದೇಶಕ ಮಂಡಳಿ, ರಾಜ್ಯಗಳ ಶಾಸನಸಭೆಗಳು ಕಳಿಸುವ ಪ್ರತಿನಿಧಿಗಳ ಒಂದು ಸಭೆ. ಒಂದು ದೇಶವಲ್ಲ.

ಬವೇರಿಯಾ, ಸ್ಯಾಕ್ಸನಿಗಳ ಮಾತು ಬೇಗ ಮುಗಿಸಬಹುದು. 1866ರಲ್ಲಿ ಬವೇರಿಯಾದ ಜನಸಂಖ್ಯೆ ಐವತ್ತು ಲಕ್ಷ ಮುಟ್ಟಿರಲಿಲ್ಲ. ಪ್ರಷ್ಯಾದ್ದು ಸುಮಾರು 1.9 ಕೋಟಿ. ಬವೇರಿಯಾದ ದೊರೆಯೊಬ್ಬ ಚಕ್ರವರ್ತಿಯೂ ಆಗಿದ್ದ: 1742ರ ಫೆಬ್ರವರಿಯಲ್ಲಿ ಏಳನೇ ಕಾರ್ಲ್‌ನಿಗೆ ಫ್ರಾಂಕ್‌ಫರ್ಟಿನಲ್ಲಿ ಪಟ್ಟ ಕಟ್ಟಿದರು, ಅದೇ ದಿನಗಳಲ್ಲಿ ಆಸ್ಟ್ರಿಯಾದ ಸೈನ್ಯ ಅವನ ಮ್ಯೂನಿಕ್ಕನ್ನೇ ಹಿಡಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಬವೇರಿಯಾ, ಸ್ಯಾಕ್ಸನಿಯ ಮಂತ್ರಿಗಳಾದ ಫೋರ್ಟೆನ್, ಬೊಯ್‌ಸ್ಟ್ 'ಮೂರನೇ ಜರ್ಮನಿ' ಎಂಬ ಯೋಚನೆ ಹರಿಯಬಿಟ್ಟರು. ಎರಡು ದೊಡ್ಡಣ್ಣಂದಿರ ನಡುವೆ ಉಳಿದವರೆಲ್ಲ ಸೇರಿ ಮೂರನೇ ಶಕ್ತಿಯಾಗುವುದು. 1859ರಿಂದ ವುರ್ಜ್‌ಬರ್ಗ್‌ನಲ್ಲಿ ಸಭೆಗಳೂ ನಡೆದವು. ಯಾರು ಮುಂದೆ ನಿಲ್ಲಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ಸಭೆ ಕರಗುತ್ತಿತ್ತು, ಬವೇರಿಯಾ ಮುಂದಾದರೆ ವುರ್ಟೆಂಬರ್ಗ್‌ಗೆ ಅಪಥ್ಯ.

ಹನೋವರ್ ಬಗ್ಗೆ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ನಾವು ಕಿಟೆಲ್‌ರನ್ನು 'ಜರ್ಮನ್ ಪಾದ್ರಿ' ಎನ್ನುತ್ತೇವೆ. 1832ರಲ್ಲಿ ಅವರು ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡ್ ಆಗ ಹನೋವರ್ ರಾಜ್ಯದ್ದು. 'ಮಂಗಳೂರ ಸಮಾಚಾರ' ತೆಗೆದ ಮೋಗ್ಲಿಂಗ್ ವುರ್ಟೆಂಬರ್ಗ್‌ನವರು. 1866ರಲ್ಲಿ ಪ್ರಷ್ಯಾ ಹನೋವರನ್ನು ನುಂಗಿದಾಗ ಕಿಟೆಲ್ ಹುಟ್ಟಿದ ರಾಜ್ಯವೇ ನಕಾಶೆಯಿಂದ ಅಳಿಸಿಹೋಯಿತು. ನಿಘಂಟು ಹೊರಬಂದ 1894ರ ಹೊತ್ತಿಗೆ ಆ ಊರು ಪ್ರಷ್ಯಾದ ಒಂದು ಪ್ರಾಂತ್ಯದಲ್ಲಿತ್ತು.

ಈಗ 1815. ನೆಪೋಲಿಯನ್ ಸೋತ ಮೇಲೆ ವಿಯೆನ್ನಾದಲ್ಲಿ ಯುರೋಪನ್ನು ಹಂಚಲು ಕೂತರು. ಪ್ರಷ್ಯಾಕ್ಕೆ ಬೇಕಿದ್ದದ್ದು ರೈನ್ ನದಿಯ ದಡ ಅಲ್ಲವೇ ಅಲ್ಲ. ಅದು ಕೇಳಿದ್ದು ಇಡೀ ಸ್ಯಾಕ್ಸನಿ. ಸ್ಯಾಕ್ಸನಿಯ ದೊರೆ ಕೊನೆಯವರೆಗೆ ನೆಪೋಲಿಯನ್ ಪಕ್ಷದಲ್ಲಿದ್ದು ಸೆರೆಸಿಕ್ಕಿದ್ದ. ಅವನಿಗೆ ಬೇಕಾದರೆ ರೈನ್ ಕಡೆ ಒಂದು ರಾಜ್ಯ ಕೊಡಿ ಎಂದು ಪ್ರಷ್ಯಾದವರೇ ಸೂಚಿಸಿದ್ದರು. ಬೊಹೇಮಿಯಾದ ಬೆನ್ನಿಗೇ ಪ್ರಷ್ಯಾ ಬಂದು ಕೂರುವುದು ಆಸ್ಟ್ರಿಯಾದ ವಿದೇಶಾಂಗ ಮಂತ್ರಿ ಮೆಟರ್ನಿಕ್‌ಗೆ ಬೇಡವಾಗಿತ್ತು. ಜನವರಿ 3ರಂದು ಆಸ್ಟ್ರಿಯಾ, ಬ್ರಿಟನ್, ಫ್ರಾನ್ಸ್ ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಪ್ರಷ್ಯಾ, ರಷ್ಯಾಗಳ ಮೇಲೆ ಯುದ್ಧಕ್ಕೂ ಸಿದ್ಧವಾದವು. ಕೊನೆಗೆ ಪ್ರಷ್ಯಾಕ್ಕೆ ಸ್ಯಾಕ್ಸನಿಯ ಒಂದು ಭಾಗ ಸಿಕ್ಕಿತು, ಉಳಿದ ಬಾಕಿಗೆ ಬದಲಾಗಿ ರೈನ್‌ಲ್ಯಾಂಡ್ ಮತ್ತು ವೆಸ್ಟ್‌ಫಾಲಿಯಾ. ಫ್ರಾನ್ಸಿನ ಎದುರು ಗಟ್ಟಿ ಕಾವಲುಗಾರ ಬೇಕೆಂದು ಬ್ರಿಟನ್ನಿನ ವಿದೇಶಾಂಗ ಮಂತ್ರಿ ಕ್ಯಾಸಲ್ರೇಗೂ ಅದು ಸರಿಕಂಡಿತು. ಅದೇ ಹೊತ್ತಿಗೆ ಆಸ್ಟ್ರಿಯಾ ಬೆಲ್ಜಿಯಂ ಮೇಲಿನ ಹಕ್ಕನ್ನೂ ನೈಋತ್ಯ ಜರ್ಮನಿಯ ಬ್ರೈಸ್‌ಗೌ ಕಡೆಯ ತುಂಡುಗಳನ್ನೂ ಬಿಟ್ಟು ಇಟಲಿಯಲ್ಲಿ ಲೊಂಬಾರ್ಡಿ, ವೆನಿಸ್ ತೆಗೆದುಕೊಂಡಿತು. ಅಂದರೆ ಆಸ್ಟ್ರಿಯಾ ತನ್ನ ಕಾಲಲ್ಲೇ ಜರ್ಮನಿಯಿಂದ ಹೊರನಡೆಯಿತು, ಪ್ರಷ್ಯಾವನ್ನು ಕೈಹಿಡಿದು ಒಳಗೆ ಕೂರಿಸಿತು.

ಆ ಮೇಲೆ ಪ್ರಷ್ಯಾ ಎರಡು ತುಂಡಾಯಿತು: ಪೂರ್ವದಲ್ಲಿ ಬರ್ಲಿನ್, ಪಶ್ಚಿಮದಲ್ಲಿ ಕೊಲೋನ್, ನಡುವೆ ಹನೋವರ್, ಬ್ರೌನ್ಸ್‌ವಿಕ್, ಹೆಸ್ಸೆ. ಸ್ವಂತ ಸರಕನ್ನು ಸ್ವಂತ ಊರಿಗೆ ಸಾಗಿಸಲು ಪರರ ಸುಂಕದ ಕಟ್ಟೆ ದಾಟಬೇಕು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಫಲ? 1818ರ ಸುಂಕ ಕಾಯ್ದೆ, ನೆರೆಯ ಚಿಕ್ಕ ರಾಜ್ಯಗಳ ಜೊತೆ ಒಂದೊಂದೇ ಒಪ್ಪಂದ, ಕೊನೆಗೆ 1834ರ ಒಕ್ಕೂಟ, ಎಲ್ಲ ಹುಟ್ಟಿದ್ದು ಈ ಕಿರಿಕಿರಿಯಿಂದ. 1866ರಲ್ಲಿ ಪ್ರಷ್ಯಾ ನುಂಗಿದ್ದರಲ್ಲಿ ಹನೋವರ್, ಹೆಸ್ಸೆ-ಕಾಸೆಲ್ ಎರಡೂ ಆ ನಡುವಿನ ಸಂದಿನಲ್ಲಿದ್ದವು ಎಂಬುದನ್ನು ನಕಾಶೆಯಲ್ಲಿ ನೋಡಿ. ರೂರ್ ಕಣಿವೆಯ ಒಂದು ಭಾಗ ಪ್ರಷ್ಯಾಕ್ಕೆ ಹಿಂದಿನಿಂದಲೂ ಇತ್ತು, ಹಾಗಾಗಿ ಕಲ್ಲಿದ್ದಲು ಪೂರ್ತಿ 1815ರ ಉಡುಗೊರೆ ಎನ್ನಲಾರೆ. ಆದರೆ ಪ್ರಷ್ಯಾಕ್ಕೆ ಜರ್ಮನಿ ಬೇಕೇ ಬೇಕು ಎನ್ನುವ ಸ್ಥಿತಿ ಹುಟ್ಟಿದ್ದು ಆ ವರ್ಷವೇ.

ಪ್ರಷ್ಯಾಕ್ಕೆ ಕೇಳಿದ ಸ್ಯಾಕ್ಸನಿಯನ್ನೇ ಕೊಟ್ಟಿದ್ದರೆ? ಬರ್ಲಿನ್, ಲೈಪ್‌ಜಿಗ್, ಡ್ರೆಸ್ಡೆನ್ ಕೂಡಿದ, ಸಿರಿವಂತ, ಒತ್ತಾದ, ಪೂರ್ವಕ್ಕೆ ಮುಖ ಮಾಡಿದ ರಾಜ್ಯ. ಪಶ್ಚಿಮದತ್ತ ಹೊರಳುವ ತುರ್ತು ಕಡಿಮೆ. ರೈನ್ ದಡದಲ್ಲಿ ಸ್ಯಾಕ್ಸನಿಯ ವೆಟ್ಟಿನ್ ಮನೆತನ. ಅವರು ಕ್ಯಾಥೊಲಿಕರು, ಪ್ರಜೆಗಳಲ್ಲೂ ಹೆಚ್ಚಿನವರು ಕ್ಯಾಥೊಲಿಕರು, ಹೊಂದಿಕೆ ಕಷ್ಟವಿರಲಿಲ್ಲ. ಬವೇರಿಯಾ, ವುರ್ಟೆಂಬರ್ಗ್ 1828ರಲ್ಲಿ ಮಾಡಿಕೊಂಡ ದಕ್ಷಿಣದ ಸುಂಕ ಒಕ್ಕೂಟಕ್ಕೆ ಕೊಲೋನ್ ಕಡೆ ಬಾಗಿಲು ತೆರೆಯುತ್ತಿತ್ತು. 'ಮೂರನೇ ಜರ್ಮನಿ'ಗೆ ಬೆನ್ನೆಲುಬು ಸಿಗಬಹುದಾಗಿದ್ದ ಒಂದೇ ದಾರಿ ಇದು. ಇದರಲ್ಲಿ ಮುಂದಾಳು ಯಾರು ಎಂದರೆ, ಯಾರೂ ಇಲ್ಲ. ಸ್ವಿಟ್ಜರ್ಲೆಂಡಿನಂತೆ ತಡವಾಗಿ, ಚೌಕಾಸಿ ಮಾಡಿಕೊಂಡು ಗಟ್ಟಿಯಾಗುವ ಒಕ್ಕೂಟ, ಅದೂ ಫ್ರಾನ್ಸ್ ಸುಮ್ಮನಿದ್ದರೆ. ಪ್ರಷ್ಯಾಕ್ಕೆ ಬದಲಾಗಿ ಮತ್ತೊಂದು ಪ್ರಷ್ಯಾ ಯಾವ ದಾರಿಯಲ್ಲೂ ನನಗೆ ಕಾಣುವುದಿಲ್ಲ.

ಮಹಾಯುದ್ಧಗಳ ಪ್ರಶ್ನೆಗೆ ನನ್ನ ಉತ್ತರ ಸಣ್ಣದು. 1870ರ ಪ್ರಷ್ಯಾ-ಫ್ರಾನ್ಸ್ ಯುದ್ಧವೂ ಅದರಿಂದ ಹುಟ್ಟಿದ ಅಲ್ಸೇಸ್-ಲೊರೇನ್ ಗಡಿ ಜಗಳವೂ ಆ ರೂಪದಲ್ಲಿ ಬರುತ್ತಿರಲಿಲ್ಲ. ಬಾಲ್ಕನ್ ಬೆಂಕಿ ಮಾತ್ರ ಬರ್ಲಿನ್ ಹಚ್ಚಿದ್ದಲ್ಲ, ಅದು ಹಾಗೇ ಇರುತ್ತಿತ್ತು. ಅದಕ್ಕಿಂತ ಆಚೆಗೆ ಊಹೆ ಓಡಿಸುವುದು ಇತಿಹಾಸವಲ್ಲ, ಕಣಿ ಹೇಳುವುದು.

ಆ ಒಕ್ಕೂಟದ ಜರ್ಮನಿಗೆ ರಾಜಧಾನಿ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಫ್ರಾಂಕ್‌ಫರ್ಟ್. ದೊರೆಯಿಲ್ಲದ ಸ್ವತಂತ್ರ ನಗರ, ಒಕ್ಕೂಟದ ಸಭೆ, 1848ರ ಸಂಸತ್ತು, 1863ರ ದೊರೆಗಳ ಸಮ್ಮೇಳನ ಎಲ್ಲ ಅಲ್ಲಿಯೇ ನಡೆದವು. 1866ರ ಜುಲೈನಲ್ಲಿ ಪ್ರಷ್ಯಾದ ಸೈನ್ಯ ಆ ಊರನ್ನು ಹಿಡಿಯಿತು. ಸುಮಾರು ಅರವತ್ತು ಲಕ್ಷ ಗುಲ್ಡನ್ ದಂಡ ವಸೂಲಾದ ಮೇಲೆ ಇನ್ನೂ ಎರಡೂವರೆ ಕೋಟಿ ಗುಲ್ಡನ್ ಕೇಳಿದರು. ಕೊಡಲು ಒಪ್ಪದವರ ಹೆಸರು ಬರೆದುಕೊಡು ಎಂದು ಮೇಯರ್ ಕಾರ್ಲ್ ಫೆಲ್ನರ್‌ಗೆ ಹೇಳಿದರು. ಜುಲೈ 24ರ ಬೆಳಿಗ್ಗೆ ಫೆಲ್ನರ್ ನೇಣು ಹಾಕಿಕೊಂಡಿದ್ದ. ಹೆಸರುಗಳ ಪಟ್ಟಿ ಅವನು ಕೊಟ್ಟಿರಲಿಲ್ಲ.